ಹಾಲಿವುಡ್‌ನಲ್ಲಿ ಹೊಸ ಕಥೆಗೆ ದುಡ್ಡು ಹಾಕುವವರು ಯಾಕಿಲ್ಲ?

ಫ್ಲೋರಿಡಾದ ಒರ್ಲ್ಯಾಂಡೊ ಪಕ್ಕ ಡಿಸ್ನಿ ಕಂಪನಿಗೆ ಒಂದು ಅನಿಮೇಷನ್ ಸ್ಟುಡಿಯೋ ಇತ್ತು. ಥೀಮ್ ಪಾರ್ಕಿಗೆ ಬಂದ ಪ್ರವಾಸಿಗರು ಗಾಜಿನಾಚೆ ಕಲಾವಿದರು ಚಿತ್ರ ಬಿಡಿಸುವುದನ್ನು ನೋಡಿಕೊಂಡು ಹೋಗುತ್ತಿದ್ದರು. ದೊಡ್ಡ ಸಾಹೇಬರೆಲ್ಲ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ. ಅವರ ಕಣ್ಣಿಗೆ ಅಷ್ಟಾಗಿ ಬೀಳದ ಈ ಜಾಗದಲ್ಲಿ 2002ರಲ್ಲಿ ‘ಲಿಲೋ ಆ್ಯಂಡ್ ಸ್ಟಿಚ್’ ತಯಾರಾಯಿತು. ಅಪ್ಪ ಅಮ್ಮನನ್ನು ಕಳೆದುಕೊಂಡ ಹವಾಯಿಯ ಪುಟ್ಟ ಹುಡುಗಿ, ಅವಳನ್ನು ಸಾಕಲು ಒದ್ದಾಡುವ ಅಕ್ಕ, ಮನೆಗೆ ಬಂದು ವಿಚಾರಿಸುವ ಸರ್ಕಾರಿ ಅಧಿಕಾರಿ, ನಡುವೆ ಎಲ್ಲಿಂದಲೋ ಬಂದು ಬಿದ್ದ ನೀಲಿ ಬಣ್ಣದ ತರಲೆ ಪ್ರಾಣಿ. ರಾಜಕುಮಾರಿ ಇಲ್ಲ, ಅರಮನೆ ಇಲ್ಲ. ಹಿನ್ನೆಲೆಯ ಚಿತ್ರಗಳಿಗೆ ಜಲವರ್ಣ ಬಳಸಿದ್ದರು. ಡಿಸ್ನಿ ಆ ವಿಧಾನ ಬಿಟ್ಟು ದಶಕಗಳೇ ಆಗಿದ್ದವು. ಸುಮಾರು 8 ಕೋಟಿ ಡಾಲರ್ ಖರ್ಚಿನ ಚಿತ್ರ 27 ಕೋಟಿ ಗಳಿಸಿತು. 2004ರಲ್ಲಿ ಡಿಸ್ನಿ ಆ ಸ್ಟುಡಿಯೋವನ್ನೇ ಮುಚ್ಚಿತು.

2025ರ ಮೇ ತಿಂಗಳಲ್ಲಿ ಅದೇ ಡಿಸ್ನಿ, ಅದೇ ಕಥೆಯನ್ನು ನಿಜವಾದ ನಟರನ್ನು ಹಾಕಿ ಮತ್ತೆ ತೆಗೆದು ಬಿಡುಗಡೆ ಮಾಡಿತು. ಗಳಿಕೆ 100 ಕೋಟಿ ಡಾಲರ್ ದಾಟಿತು. ನಾಲ್ಕು ವಾರ ಬಿಟ್ಟು, ಡಿಸ್ನಿಯ ಒಡೆತನದ ಅನಿಮೇಷನ್ ಸ್ಟುಡಿಯೋ ಪಿಕ್ಸಾರ್‌ನಿಂದ ‘ಎಲಿಯೊ’ ಬಂತು. ಇದು ಹೊಚ್ಚ ಹೊಸ ಕಥೆ. ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ 2 ಕೋಟಿ ಡಾಲರ್ ಚಿಲ್ಲರೆ. ಪಿಕ್ಸಾರ್ ಇತಿಹಾಸದಲ್ಲೇ ಅತಿ ಕಡಿಮೆ ಆರಂಭ ಅದು.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸ್ಟುಡಿಯೋದವರ ವಾದ ತಾನೇ ತಯಾರಾಗುತ್ತದೆ. ‘ನಾವು ಹೊಸದು ಕೊಟ್ಟೆವು, ಜನ ಬರಲಿಲ್ಲ. ಹಳೆಯದು ಕೊಟ್ಟೆವು, ಮುಗಿಬಿದ್ದರು. ತಪ್ಪು ಯಾರದ್ದು?’ ಮಾತು ಪೂರ್ತಿ ಸುಳ್ಳಲ್ಲ. ಆದರೆ ಜನ ಹೀಗಾಗಿದ್ದು ಹೇಗೆ ಅಂತ ಆ ವಾದ ಕೇಳುವುದೇ ಇಲ್ಲ.

ಮೊದಲು ಪರಿಸ್ಥಿತಿ ಎಷ್ಟು ಕೆಟ್ಟಿದೆ ಅನ್ನುವುದನ್ನು ನೋಡೋಣ. 2024ರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಗಳಿಸಿದ ಹತ್ತು ಹಾಲಿವುಡ್ ಚಿತ್ರಗಳಲ್ಲಿ ಒಂಬತ್ತು ಯಾವುದೋ ಹಳೆಯ ಚಿತ್ರದ ಮುಂದಿನ ಭಾಗ ಅಥವಾ ಹಿಂದಿನ ಭಾಗ. ಉಳಿದ ಒಂದು ‘ವಿಕೆಡ್’. ಅದೂ ನ್ಯೂಯಾರ್ಕ್‌ನ ನಾಟಕರಂಗ ಬ್ರಾಡ್‌ವೇಯಲ್ಲಿ 2003ರಿಂದ ಓಡುತ್ತಿರುವ ಸಂಗೀತ ನಾಟಕ. ಈಗ 1990ಕ್ಕೆ ಹೋಗಿ. ಆ ವರ್ಷದ ಬಿಡುಗಡೆಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ನಾಲ್ಕರಲ್ಲಿ ಮೂರು, ಅಂದರೆ ‘ಹೋಮ್ ಅಲೋನ್’, ‘ಘೋಸ್ಟ್’ ಮತ್ತು ‘ಪ್ರೆಟಿ ವುಮನ್’, ಸಿನಿಮಾಕ್ಕೆಂದೇ ಬರೆದ ಹೊಸ ಕಥೆಗಳು. ಒಂದೊಂದರ ಖರ್ಚೂ 2.5 ಕೋಟಿ ಡಾಲರ್ ಒಳಗೆ. ಒಂದೊಂದೂ ಜಗತ್ತಿನಾದ್ಯಂತ 45 ಕೋಟಿಗೂ ಜಾಸ್ತಿ ಗಳಿಸಿತು. ಬೆಲೆ ಏರಿಕೆ ಲೆಕ್ಕ ಹಾಕಿದರೂ ಇವತ್ತಿನ ಒಂದು ಸೂಪರ್‌ಹೀರೋ ಚಿತ್ರದ ದುಡ್ಡಿನಲ್ಲಿ ಆ ಮೂರನ್ನೂ ತೆಗೆದು ಕೈಯಲ್ಲಿ ಕಾಸು ಉಳಿಸಬಹುದಿತ್ತು.

ಹಾಗಂತ ಹಾಲಿವುಡ್‌ನ ಹಿಂದಿನವರೆಲ್ಲ ಬರೀ ಸ್ವಂತ ಕಥೆ ಮಾಡುತ್ತಿದ್ದರು ಅಂದುಕೊಳ್ಳಬೇಡಿ. 1941ರ ‘ದಿ ಮಾಲ್ಟೀಸ್ ಫಾಲ್ಕನ್’ ಒಂದೇ ಕಾದಂಬರಿಯನ್ನು ಹತ್ತು ವರ್ಷದಲ್ಲಿ ಮೂರನೇ ಸಲ ತೆಗೆದದ್ದು. 1959ರ ‘ಬೆನ್ ಹರ್’ 1925ರ ಮೂಕಿ ಚಿತ್ರದ ರೀಮೇಕ್. ‘ಗಾಡ್‌ಫಾದರ್’, ‘ಜಾಸ್’ ಎರಡೂ ಕಾದಂಬರಿಗಳು. ಬೇರೆ ಕಡೆಯಿಂದ ಕಥೆ ತರುವುದು ಅಲ್ಲಿ ಮೊದಲಿನಿಂದಲೂ ಇದೆ, ಅದರಲ್ಲಿ ದೋಷವೂ ಇಲ್ಲ. ಅಂದಿನ ವ್ಯತ್ಯಾಸ ಏನೆಂದರೆ, ಒಂದು ಕಾದಂಬರಿ ಕೊಂಡವರು ಹೆಚ್ಚಾಗಿ ಅದನ್ನು ಒಂದು ಸಿನಿಮಾ ಮಾಡಿ ಬಿಡುತ್ತಿದ್ದರು. ಪಕ್ಕದಲ್ಲೇ ಇನ್ನೂ ಹತ್ತು ತರಹದ ಸಿನಿಮಾ ನಡೆಯುತ್ತಿದ್ದವು. ವಕೀಲರ ಕಥೆ, ಗಂಡ ಹೆಂಡತಿ ಜಗಳದ ಕಥೆ, ಕಳ್ಳರ ಕಥೆ, ಕಾಮಿಡಿ. ಇಂಥ ಮಧ್ಯಮ ಬಜೆಟ್ಟಿನ ಚಿತ್ರವೇ ಈಗ ಥಿಯೇಟರ್‌ನಿಂದ ಹೆಚ್ಚುಕಡಿಮೆ ಮಾಯವಾಗಿರುವುದು. ತೀರಾ ಸಣ್ಣದು ಉಳಿದಿದೆ. 20 ಕೋಟಿ ಡಾಲರ್‌ನ ಆನೆ ಗಾತ್ರದ್ದೂ ಉಳಿದಿದೆ.

ಅದು ಯಾಕೆ ಹೋಯಿತು ಅನ್ನುವುದನ್ನು ನಟ ಮ್ಯಾಟ್ ಡೇಮನ್ 2021ರ ಒಂದು ಯೂಟ್ಯೂಬ್ ಸಂದರ್ಶನದಲ್ಲಿ ಖಾರದ ಚಿಕನ್ ತಿನ್ನುತ್ತಾ ಲೆಕ್ಕ ಬಿಡಿಸಿ ಹೇಳಿದ್ದರು. ಅರ್ಥಶಾಸ್ತ್ರದ ಪಾಠ ಇಷ್ಟು ಸಲೀಸಾಗಿ ಸಿಗುವುದು ಅಪರೂಪ. ಅವರ ಉದಾಹರಣೆ, ಪಿಯಾನೋ ವಾದಕ ಲಿಬರಾಚಿಯ ಬದುಕಿನ ಮೇಲೆ ತೆಗೆದ ‘ಬಿಹೈಂಡ್ ದಿ ಕ್ಯಾಂಡೆಲಾಬ್ರಾ’. ಸಿನಿಮಾ ತೆಗೆಯಲು 2.5 ಕೋಟಿ ಡಾಲರ್. ಅದನ್ನು ಪ್ರಚಾರ ಮಾಡಿ ಥಿಯೇಟರ್‌ಗೆ ತರಲು ಇನ್ನೊಂದು ಅಷ್ಟೇ ದುಡ್ಡು. ಅಲ್ಲಿಗೆ 5 ಕೋಟಿ. ಟಿಕೆಟ್ ದುಡ್ಡಿನಲ್ಲಿ ಸುಮಾರು ಅರ್ಧ ಥಿಯೇಟರ್ ಮಾಲೀಕರಿಗೆ ಹೋಗುತ್ತದೆ. ಹಾಗಾಗಿ 10 ಕೋಟಿ ಡಾಲರ್ ಟಿಕೆಟ್ ಮಾರಾಟವಾದ ಮೇಲೆ ಲಾಭದ ಮಾತು ಶುರು. ಇಬ್ಬರು ಗಂಡಸರ ಪ್ರೇಮಕಥೆಗೆ ಅಷ್ಟು ಜನ ಥಿಯೇಟರ್‌ಗೆ ಬರುತ್ತಾರಾ? ಯಾವ ಸ್ಟುಡಿಯೋಗೂ ಧೈರ್ಯ ಬರಲಿಲ್ಲ. ಮೈಕೆಲ್ ಡಗ್ಲಸ್, ಮ್ಯಾಟ್ ಡೇಮನ್ ಇಬ್ಬರೂ ಇದ್ದ ಚಿತ್ರ ಕೊನೆಗೆ 2013ರಲ್ಲಿ ಅಮೆರಿಕದಲ್ಲಿ ಎಚ್‌ಬಿಒ ಟಿವಿಯಲ್ಲಿ ಬಂತು.

ಇದೇ ಲೆಕ್ಕ 2000ರ ಹೊತ್ತಿಗೆ ಹೇಗೆ ಕೂಡಿಬರುತ್ತಿತ್ತು? ಡಿವಿಡಿ ಇತ್ತು. ಥಿಯೇಟರ್‌ನಲ್ಲಿ ಅಷ್ಟಕ್ಕಷ್ಟೇ ಓಡಿದ ಚಿತ್ರ ಆರು ತಿಂಗಳ ಮೇಲೆ ಡಿವಿಡಿಯಾಗಿ ಅಂಗಡಿಗೆ ಬಂದು ಎರಡನೇ ಸಲ ದುಡ್ಡು ತರುತ್ತಿತ್ತು. ಅಮೆರಿಕದ ಸಂಸಾರಗಳು ವಾಲ್‌ಮಾರ್ಟ್‌ನಲ್ಲಿ ದಿನಸಿ ಜೊತೆ ಡಿವಿಡಿಯನ್ನೂ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ ಕಾಲ ಅದು. ಥಿಯೇಟರ್‌ನಲ್ಲಿ ಸೋತರೂ ಪೂರ್ತಿ ಮುಳುಗುವುದಿಲ್ಲ ಅನ್ನುವ ಭರವಸೆ ಇದ್ದದ್ದರಿಂದ ಗುರುತು ಪರಿಚಯ ಇಲ್ಲದ ಕಥೆಗೂ ಒಬ್ಬ ಅಧಿಕಾರಿ ಹೂಂ ಅನ್ನಬಹುದಿತ್ತು. 2000ರ ದಶಕದ ಮಧ್ಯಭಾಗದಲ್ಲಿ ಶಿಖರ ಮುಟ್ಟಿದ ಆ ವ್ಯಾಪಾರ ಆಮೇಲೆ ಇಳಿದದ್ದು ಇಳಿದೇ ಇಳಿಯಿತು. ಸ್ಟ್ರೀಮಿಂಗ್ ಬಂತು. ತಿಂಗಳ ಚಂದಾ ಕಟ್ಟಿದರೆ ಎಲ್ಲಾ ಸಿನಿಮಾ ಫ್ರೀ ಅಂದಹಾಗೆ. ಒಂದೊಂದು ಚಿತ್ರಕ್ಕೆ ಬೇರೆ ಬೇರೆಯಾಗಿ ಬರುತ್ತಿದ್ದ ಆ ಎರಡನೇ ಕಂತು ಹೆಚ್ಚುಕಡಿಮೆ ನಿಂತೇ ಹೋಯಿತು.

ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಇಲ್ಲಿದೆ. ಹಾಲಿವುಡ್‌ನಲ್ಲಿ ಕಲ್ಪನೆ ಬತ್ತಿಹೋಗಿದೆ ಅನ್ನುವುದು ಸುಮ್ನೆ ಮಾತು. ಅಲ್ಲಿ ಬರೆಯುವವರಿಗೆ ಬರ ಇಲ್ಲ. ಸಿನಿಮಾ ಆಗದೆ ಉಳಿದ ಒಳ್ಳೆಯ ಚಿತ್ರಕಥೆಗಳ ‘ಬ್ಲ್ಯಾಕ್ ಲಿಸ್ಟ್’ ಎಂಬ ಪಟ್ಟಿ 2005ರಿಂದ ಬರುತ್ತಲೇ ಇದೆ. 1990ರಲ್ಲಿ ಜೋ ಎಸ್ಟರ್‌ಹಾಸ್ ಯಾರೂ ಕೇಳದೆ ತಾವಾಗಿ ಬರೆದ ಒಂದು ಚಿತ್ರಕಥೆಯನ್ನು 30 ಲಕ್ಷ ಡಾಲರ್‌ಗೆ ಮಾರಿದ್ದರು. ಹಾಗೆ ಬರೆದುಕೊಂಡು ಬಂದದ್ದನ್ನು ಹರಾಜಿನಲ್ಲಿ ಕೊಳ್ಳುವ ದೊಡ್ಡ ಮಾರುಕಟ್ಟೆಯೇ ಅಲ್ಲಿತ್ತು. ಈಗ ಲೇಖಕರನ್ನು ಕರೆದು ‘ನಮ್ಮ ಹತ್ತಿರ ಈ ಬೊಂಬೆಯ ಹಕ್ಕಿದೆ, ಈ ವಿಡಿಯೋ ಗೇಮ್‌ನ ಹಕ್ಕಿದೆ, ಇದಕ್ಕೊಂದು ಕಥೆ ಹೊಸೆದು ಕೊಡಿ’ ಅನ್ನುವುದೇ ಜಾಸ್ತಿ.

ಎರಡನೇ ಕಂತು ಇಲ್ಲ ಅಂದಮೇಲೆ ಮೊದಲ ವಾರಾಂತ್ಯವೇ ಹಣೆಬರಹ. ಶುಕ್ರವಾರ ಜನ ಬರಬೇಕು ಅಂದರೆ ಗುರುವಾರದ ಹೊತ್ತಿಗೆ ಹೆಸರು ಗೊತ್ತಿರಬೇಕು. ಹೊಸ ಕಥೆಯ ಹೆಸರನ್ನು ಶೂನ್ಯದಿಂದ ಪರಿಚಯಿಸಬೇಕು, ಅದಕ್ಕೆ ಪ್ರಚಾರದ ದುಡ್ಡು ಸುರಿಯಬೇಕು. ‘ಸ್ಪೈಡರ್‌ಮ್ಯಾನ್’ ಅಂದರೆ ಆ ಕೆಲಸ ಅರವತ್ತು ವರ್ಷದ ಹಿಂದೆಯೇ ಶುರುವಾಗಿದೆ. ಹೀಗೆ ಯಾವ ಸಿನಿಮಾ ಆಗಬೇಕು ಅನ್ನುವ ತೀರ್ಮಾನದಲ್ಲಿ ಪ್ರಚಾರ ವಿಭಾಗದ ಮಾತಿಗೆ ತೂಕ ಬಂತು. ಕಥೆ ಚೆನ್ನಾಗಿದೆಯಾ ಅನ್ನುವ ಪ್ರಶ್ನೆಗಿಂತ ಪೋಸ್ಟರ್ ಮೇಲೆ ಏನು ಹಾಕುತ್ತೀರಿ ಅನ್ನುವುದು ಮೊದಲು ಬಂತು. ಪ್ರೇಕ್ಷಕರನ್ನು ಗಂಡು, ಹೆಣ್ಣು, 25ರ ಕೆಳಗಿನವರು, ಮೇಲಿನವರು ಅಂತ ನಾಲ್ಕು ಭಾಗ ಮಾಡಿ ನಾಲ್ಕೂ ಕಡೆಯವರು ಬರುವಂಥ ಚಿತ್ರ ಹುಡುಕುವುದು ಅಲ್ಲಿಯವರ ಹಳೆ ರೂಢಿ. ನಾಲ್ವರಿಗೂ ಇಷ್ಟವಾಗಬೇಕಾದ ಅಡುಗೆಯಲ್ಲಿ ಉಪ್ಪು ಹುಳಿ ಖಾರ ಎಷ್ಟಿರುತ್ತದೆ, ಊಹಿಸಿಕೊಳ್ಳಿ.

ಹೊರದೇಶದ ಮಾರುಕಟ್ಟೆಯದ್ದೂ ಇಲ್ಲೊಂದು ಪಾಲಿದೆ. 2012ರಲ್ಲಿ ಅಮೆರಿಕ ಮತ್ತು ಚೀನಾ ಒಂದು ಒಪ್ಪಂದ ಮಾಡಿಕೊಂಡವು. ಗಳಿಕೆಯಲ್ಲಿ ಪಾಲು ಸಿಗುವಂತೆ ವರ್ಷಕ್ಕೆ ಚೀನಾ ಬಿಟ್ಟುಕೊಳ್ಳುತ್ತಿದ್ದ ವಿದೇಶಿ ಚಿತ್ರಗಳ ಸಂಖ್ಯೆ 20ರಿಂದ 34ಕ್ಕೆ ಏರಿತು. ಸ್ಟುಡಿಯೋದ ಪಾಲು ಶೇ 25. ಅಲ್ಲಿಗೆ ಲಾಸ್ ಏಂಜಲೀಸ್‌ನ ಆಫೀಸುಗಳಲ್ಲಿ ಬೀಜಿಂಗ್ ಪ್ರೇಕ್ಷಕರೂ ಲೆಕ್ಕಕ್ಕೆ ಬಂದರು. ಮಾತಿನ ಚಟಾಕಿ, ಊರಿನ ರಾಜಕೀಯ, ಗಂಡ ಹೆಂಡತಿ ಸಂಭಾಷಣೆ ಇದ್ಯಾವುದೂ ಬೇರೆ ಭಾಷೆಗೆ ಸುಲಭವಾಗಿ ದಾಟುವುದಿಲ್ಲ. ಕಟ್ಟಡ ಉರುಳುವುದು ಯಾವ ಭಾಷೆಯಲ್ಲೂ ಉರುಳುವುದೇ. ‘ಅವತಾರ್’ ಎರಡನೇ ಭಾಗ 2022ರಲ್ಲಿ ಕನ್ನಡ ಡಬ್ಬಿಂಗ್‌ನಲ್ಲೂ ನಮ್ಮ ಥಿಯೇಟರ್‌ಗಳಿಗೆ ಬಂದಿತ್ತಲ್ಲ, ಅದೇ ಲೆಕ್ಕ. ಆದರೆ ಈ ಆಸರೆಯೂ ಈಗ ಅಲುಗಾಡುತ್ತಿದೆ. ಚೀನಾದವರು ತಮ್ಮದೇ ಸಿನಿಮಾ ನೋಡುತ್ತಿದ್ದಾರೆ. 2025ರಲ್ಲಿ ಅವರ ‘ನೆ ಝಾ 2’ ಎಂಬ ಅನಿಮೇಷನ್ ಚಿತ್ರ 200 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅದರಲ್ಲಿ ಬಹುಪಾಲು ಚೀನಾ ಒಳಗಿನದ್ದೇ.

ಇನ್ನು ಕೊಳ್ಳುವಿಕೆ. ಡಿಸ್ನಿ 2006ರಲ್ಲಿ ಪಿಕ್ಸಾರ್ ಕೊಂಡಿತು, 740 ಕೋಟಿ ಡಾಲರ್. 2009ರಲ್ಲಿ ಸೂಪರ್‌ಹೀರೋಗಳ ಮಾರ್ವೆಲ್, 400 ಕೋಟಿ. 2012ರಲ್ಲಿ ‘ಸ್ಟಾರ್ ವಾರ್ಸ್’ ಸಮೇತ ಲೂಕಾಸ್‌ಫಿಲ್ಮ್, ಅದೂ 400 ಕೋಟಿಗೆ ಸ್ವಲ್ಪ ಮೇಲೆ. 2019ರಲ್ಲಿ ಫಾಕ್ಸ್ ಕಂಪನಿಯ ಸಿನಿಮಾ ಮತ್ತು ಟಿವಿ ವ್ಯವಹಾರದ ಬಹುಭಾಗ, 7,100 ಕೋಟಿ. ಇಷ್ಟು ದುಡ್ಡು ಕೊಟ್ಟು ಪಾತ್ರಗಳನ್ನು ತಂದವರು ಅವನ್ನು ಕಪಾಟಿನಲ್ಲಿ ಇಡುತ್ತಾರಾ? ಷೇರುದಾರರಿಗೆ ಉತ್ತರ ಕೊಡಬೇಕು. ವರ್ಷಕ್ಕೆ ಇಷ್ಟು ಮಾರ್ವೆಲ್, ಇಷ್ಟು ಸ್ಟಾರ್ ವಾರ್ಸ್ ಅಂತ ಐದಾರು ವರ್ಷದ ವೇಳಾಪಟ್ಟಿ ಮೊದಲೇ ಘೋಷಣೆ ಆಗುತ್ತದೆ. ಕಥೆ ಇನ್ನೂ ಹುಟ್ಟಿರುವುದಿಲ್ಲ, ಬಿಡುಗಡೆಯ ದಿನ ಗೊತ್ತಾಗಿರುತ್ತದೆ. ‘ಮೊವಾನಾ’ ಮೊದಲು ಬಂದದ್ದು 2016ರಲ್ಲಿ. ಡಿಸ್ನಿ ಪ್ಲಸ್‌ಗಾಗಿ ಸೀರಿಯಲ್ ಆಗಬೇಕಿದ್ದ ಎರಡನೇ ಭಾಗವನ್ನು 2024ರಲ್ಲಿ ಸಿನಿಮಾ ಮಾಡಿ ಬಿಟ್ಟರು, 100 ಕೋಟಿ ದಾಟಿತು. ಮೊದಲ ಭಾಗವನ್ನೇ ನಟರನ್ನು ಹಾಕಿ ಮತ್ತೆ ತೆಗೆದು ಬಿಡುಗಡೆಗೆ 2026ರ ಜುಲೈ ಗೊತ್ತುಮಾಡಿದರು. ಮೊದಲ ಚಿತ್ರಕ್ಕೆ ಹತ್ತು ವರ್ಷ ತುಂಬುವ ವರ್ಷವೇ ರೀಮೇಕ್! ಅದನ್ನು ನೋಡಿದ ಮಕ್ಕಳು ಇನ್ನೂ ಕಾಲೇಜು ಮುಗಿಸಿಲ್ಲ.

ಫಾಕ್ಸ್ ಖರೀದಿಯಲ್ಲಿ ಇನ್ನೊಂದು ಸಂಗತಿ ಇದೆ. ಫಾಕ್ಸ್ ಒಳಗೆ ‘ಫಾಕ್ಸ್ 2000’ ಅನ್ನುವ ವಿಭಾಗ ಇತ್ತು. ಕಾದಂಬರಿ, ಜೀವನಕಥೆ ಹಿಡಿದು ದೊಡ್ಡವರು ನೋಡುವಂಥ ಮಧ್ಯಮ ಬಜೆಟ್ ಚಿತ್ರ ಮಾಡುವುದು ಅದರ ಕೆಲಸ. 2006ರ ‘ದಿ ಡೆವಿಲ್ ವೇರ್ಸ್ ಪ್ರಾಡಾ’ ಅಲ್ಲಿಯದೇ. ಖರೀದಿ ಮುಗಿದ ಕೂಡಲೇ ಡಿಸ್ನಿ ಆ ವಿಭಾಗವನ್ನು ಮುಚ್ಚಿತು. 2025ರಲ್ಲಿ ಡಿಸ್ನಿ ಏನು ಚಿತ್ರೀಕರಿಸಿತು ಗೊತ್ತಾ? ‘ದಿ ಡೆವಿಲ್ ವೇರ್ಸ್ ಪ್ರಾಡಾ 2’. ಒರ್ಲ್ಯಾಂಡೊದಲ್ಲಿ ನಡೆದದ್ದೂ ಇದೇ. ಅಲ್ಲಿ ಮುಖ್ಯವಾಗಿ ತಯಾರಾದ ಇನ್ನೊಂದು ಚಿತ್ರ ‘ಮುಲಾನ್’, ಅದರ ರೀಮೇಕ್ 2020ರಲ್ಲೇ ಬಂದಾಗಿದೆ. ಇದು ಬಿತ್ತನೆ ಬೀಜವನ್ನೇ ಕುಟ್ಟಿ ಊಟ ಮಾಡುವ ಸಂಸಾರದ ಕಥೆ. ಈಗ ಮಾರಾಟವಾಗುತ್ತಿರುವ ಹೆಸರುಗಳಲ್ಲಿ ಬಹಳಷ್ಟು 1975ರಿಂದ 2010ರ ಒಳಗೆ ಯಾರೋ ಧೈರ್ಯ ಮಾಡಿ ದುಡ್ಡು ಹಾಕಿದ್ದರಿಂದ ಹುಟ್ಟಿದವು. 2045ರಲ್ಲಿ ರೀಮೇಕ್ ಮಾಡಲು ಇವರು ಈಗ ಏನು ಹುಟ್ಟಿಸುತ್ತಿದ್ದಾರೆ?

ಇಷ್ಟೆಲ್ಲ ಮಾಡಿ ಸುರಕ್ಷಿತವಾಗಿದ್ದಾರಾ ಅಂದರೆ ಅದೂ ಇಲ್ಲ. 2023ರಲ್ಲಿ ‘ಇಂಡಿಯಾನಾ ಜೋನ್ಸ್’ ಐದನೇ ಭಾಗಕ್ಕೆ ಸುಮಾರು 30 ಕೋಟಿ ಡಾಲರ್ ಸುರಿದರು. ಬಂದದ್ದು 38 ಕೋಟಿಯ ಟಿಕೆಟ್ ದುಡ್ಡು. ಥಿಯೇಟರ್ ಪಾಲು, ಪ್ರಚಾರದ ಖರ್ಚು ಕಳೆದರೆ ದೊಡ್ಡ ಗುಂಡಿ. ಅದೇ ವರ್ಷ ‘ದಿ ಮಾರ್ವೆಲ್ಸ್’ 20 ಕೋಟಿ ಚಿಲ್ಲರೆಗೆ ನಿಂತು ಮಾರ್ವೆಲ್ ಸರಣಿಯಲ್ಲೇ ಅತಿ ಕಡಿಮೆ ಗಳಿಕೆ ಅನ್ನಿಸಿಕೊಂಡಿತು. 2025ರ ‘ಸ್ನೋ ವೈಟ್’ ರೀಮೇಕ್ ತನ್ನ ಬಜೆಟ್ಟಿನಷ್ಟೂ ಟಿಕೆಟ್ ಮಾರಲಿಲ್ಲ. ಮಧ್ಯಮ ಬಜೆಟ್ಟಿನ ಹೊಸ ಕಥೆ ಸೋತರೆ ಹೋಗುವುದು ಸಣ್ಣ ಮೊತ್ತ, ಹಳೆಯ ದೊಡ್ಡ ಹೆಸರು ಸೋತರೆ ದೊಡ್ಡ ಗಂಟೇ ಹೋಗುತ್ತದೆ. ಆದರೂ ಅಧಿಕಾರಿಗಳು ಎರಡನೆಯದನ್ನೇ ಆರಿಸುತ್ತಾರೆ. ಕಾರಣ ಸಿನಿಮಾಕ್ಕಿಂತ ನೌಕರಿಯದ್ದು ಅಂತ ನನ್ನ ಗುಮಾನಿ. ‘ಇಂಡಿಯಾನಾ ಜೋನ್ಸ್ ಸೋಲುತ್ತದೆ ಅಂತ ಯಾರಿಗೆ ಗೊತ್ತಿತ್ತು’ ಅಂತ ಮೇಲಿನವರಿಗೆ ಹೇಳಿ ಬಚಾವಾಗಬಹುದು. ಹೆಸರೇ ಕೇಳಿರದ ಕಥೆಗೆ ದುಡ್ಡು ಹಾಕಿ ಸೋತವರಿಗೆ ಆ ನೆಪ ಇಲ್ಲ. ತಮಾಷೆ ಅಂದರೆ, ಜಗತ್ತಿನಲ್ಲಿ ಇವತ್ತಿಗೂ ಅತಿ ಹೆಚ್ಚು ಗಳಿಸಿದ ಚಿತ್ರ 2009ರ ಮೊದಲ ‘ಅವತಾರ್’. ಯಾವ ಕಾಮಿಕ್ಸ್ ಇಲ್ಲ, ಕಾದಂಬರಿ ಇಲ್ಲ, ಹಿಂದಿನ ಭಾಗ ಇಲ್ಲ.

ಈಗ ಪ್ರೇಕ್ಷಕರ ತಪ್ಪಿನ ವಿಚಾರಕ್ಕೆ ಬರೋಣ. ಕೋವಿಡ್ ಕಾಲದಲ್ಲಿ ಪಿಕ್ಸಾರ್‌ನ ‘ಸೋಲ್’, ‘ಲೂಕಾ’, ‘ಟರ್ನಿಂಗ್ ರೆಡ್’ ಮೂರನ್ನೂ ಡಿಸ್ನಿ ನೇರವಾಗಿ ತನ್ನ ಸ್ಟ್ರೀಮಿಂಗ್‌ಗೆ ಹಾಕಿತು. ಮೂರೂ ಹೊಸ ಕಥೆಗಳು. ಥಿಯೇಟರ್ ತೆರೆದ ಮೇಲೆ, 2022ರಲ್ಲಿ ದೊಡ್ಡ ಪರದೆಗೆ ಬಂದ ಪಿಕ್ಸಾರ್ ಚಿತ್ರ ಯಾವುದು? ‘ಟಾಯ್ ಸ್ಟೋರಿ’ಯ ಪಾತ್ರ ಹಿಡಿದು ಮಾಡಿದ ‘ಲೈಟ್‌ಇಯರ್’. ಸಂಸಾರಗಳು ಪಾಠ ಕಲಿತವು. ಹೊಸದು ಮನೆಗೇ ಬರುತ್ತದೆ, ಹಳೆಯ ಹೆಸರಿಗೆ ಮಾತ್ರ ಥಿಯೇಟರ್‌ಗೆ ಹೋಗಬೇಕು. 2020ಕ್ಕೆ ಮುಂಚೆ ಥಿಯೇಟರ್‌ನಿಂದ ಮನೆಗೆ ಬರಲು ಸುಮಾರು 90 ದಿನ ಆಗುತ್ತಿತ್ತು. ಈಗ ಕೆಲವು ಚಿತ್ರಗಳು ಮೂರನೇ ವಾರಕ್ಕೇ ಬಂದುಬಿಡುತ್ತವೆ. ಇಬ್ಬರು ಮಕ್ಕಳ ಸಂಸಾರ ಒಂದು ಸಿನಿಮಾಕ್ಕೆ ಹೋದರೆ ಟಿಕೆಟ್, ಪಾಪ್‌ಕಾರ್ನ್ ಸೇರಿ ನೂರು ಡಾಲರ್ ಹತ್ತಿರ ಖರ್ಚು. ಗೊತ್ತಿಲ್ಲದ ಚಿತ್ರಕ್ಕೆ ಯಾಕೆ ಹೋಗುತ್ತಾರೆ? ಅಮೆರಿಕದಲ್ಲಿ ಈಗ ವರ್ಷಕ್ಕೆ ಮಾರಾಟವಾಗುವ ಟಿಕೆಟ್ 2002ರಲ್ಲಿ ಮಾರಾಟವಾದದ್ದರ ಸುಮಾರು ಅರ್ಧ. ಉಳಿದಿರುವವರು ವರ್ಷಕ್ಕೆ ಎರಡೋ ಮೂರೋ ಸಲ, ಗ್ಯಾರಂಟಿ ಇದ್ದರೆ ಮಾತ್ರ ಬರುವವರು.

ಹೊಸ ಕಥೆ ಜನರಿಗೆ ಬೇಡ ಅನ್ನುವುದಕ್ಕೆ ಉತ್ತರ 2025ರಲ್ಲೇ ಸಿಕ್ಕಿತು. ಸೋನಿಯ ಅನಿಮೇಷನ್ ಸ್ಟುಡಿಯೋ ‘ಕೆಪಾಪ್ ಡೀಮನ್ ಹಂಟರ್ಸ್’ ತೆಗೆದು ನೆಟ್‌ಫ್ಲಿಕ್ಸ್‌ಗೆ ಕೊಟ್ಟಿತ್ತು. ಅದು ನೆಟ್‌ಫ್ಲಿಕ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಸಿನಿಮಾ ಆಯಿತು. ಸೋನಿಯವರು ಕೈ ಕೈ ಹಿಸುಕಿಕೊಂಡಿರಬೇಕು ಪಾಪ. ಸೀಕ್ವೆಲ್ ಕೂಡ ಕುದುರಿತು, ಅದು ಬೇರೆ ವಿಷಯ.

ಅದೇ ವರ್ಷದ ಏಪ್ರಿಲ್‌ನಲ್ಲಿ ವಾರ್ನರ್ ಬ್ರದರ್ಸ್‌ನಿಂದ ನಿರ್ದೇಶಕ ರಯಾನ್ ಕೂಗ್ಲರ್ ಅವರ ‘ಸಿನ್ನರ್ಸ್’ ಬಂದಿತ್ತು. 1932ರ ಮಿಸಿಸಿಪ್ಪಿ, ಕಪ್ಪು ಜನರ ಬ್ಲೂಸ್ ಸಂಗೀತ, ಅವಳಿ ಅಣ್ಣತಮ್ಮಂದಿರು, ಒಂದು ರಾತ್ರಿ ಬಾಗಿಲಿಗೆ ಬರುವ ರಕ್ತಪಿಶಾಚಿಗಳು. ಖರ್ಚು 9ರಿಂದ 10 ಕೋಟಿ ಡಾಲರ್. ಅಮೆರಿಕದಲ್ಲಿ ಮೊದಲ ವಾರಾಂತ್ಯ 4.8 ಕೋಟಿ ಬಂದಾಗಲೂ ಲಾಭ ಇನ್ನೂ ದೂರ ಇದೆ ಅಂತ ವ್ಯಾಪಾರ ಪತ್ರಿಕೆಗಳು ಮೂಗು ಮುರಿದವು. ಸಾಮಾನ್ಯವಾಗಿ ದೊಡ್ಡ ಚಿತ್ರಗಳ ಗಳಿಕೆ ಎರಡನೇ ವಾರ ಅರ್ಧಕ್ಕೆ ಇಳಿಯುತ್ತದೆ. ಇದು ಇಳಿದದ್ದು ಶೇ 5ರ ಆಸುಪಾಸು. ಒಬ್ಬರು ನೋಡಿ ಇನ್ನೊಬ್ಬರಿಗೆ ಹೇಳಿ ಓಡಿದ ಚಿತ್ರ. ಕೊನೆಗೆ 36 ಕೋಟಿ ದಾಟಿತು.

ಆದರೆ ಹಾಲಿವುಡ್ ಹೆಚ್ಚು ತಲೆ ಕೆಡಿಸಿಕೊಂಡದ್ದು ಕೂಗ್ಲರ್ ಅವರ ಕರಾರಿನ ಬಗ್ಗೆ. ಮೊದಲ ಡಾಲರ್‌ನಿಂದಲೇ ಗಳಿಕೆಯಲ್ಲಿ ಪಾಲು, ಅಂತಿಮ ಸಂಕಲನ ಅವರದ್ದೇ, 25 ವರ್ಷದ ಮೇಲೆ ಚಿತ್ರದ ಹಕ್ಕು ಪೂರ್ತಿ ಅವರಿಗೆ ವಾಪಸ್. ಮೊದಲೆರಡು ದೊಡ್ಡ ನಿರ್ದೇಶಕರಿಗೆ ಸಿಗುವಂಥವು. ಮೂರನೆಯದೇ ಬಿಸಿ ತಟ್ಟಿದ್ದು. ಯಾಕೆಂದರೆ ಸ್ಟುಡಿಯೋ ಅಂದರೆ ಇವತ್ತು ಅದರ ಹಳೆಯ ಚಿತ್ರಗಳ ಗೋದಾಮು. 25 ವರ್ಷದ ಮೇಲೆ ‘ಸಿನ್ನರ್ಸ್’ ಅನ್ನು ಸೀಕ್ವೆಲ್, ರೀಮೇಕ್ ಅಂತ ಹಿಂಡಲು ವಾರ್ನರ್‌ಗೆ ಹಕ್ಕಿರುವುದಿಲ್ಲ. ಹೊಸ ಕಥೆ ತಂದವರು ಅದನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲು ಶುರು ಮಾಡಿದರೆ ಈ ಇಡೀ ವ್ಯಾಪಾರ ನಿಂತಿರುವ ನೆಲವೇ ಕುಸಿಯುತ್ತದೆ.

ಅದೇ ವಾರ್ನರ್ ಆಗಸ್ಟ್‌ನಲ್ಲಿ ‘ವೆಪನ್ಸ್’ ಬಿಟ್ಟಿತು. 3.8 ಕೋಟಿ ಡಾಲರ್ ಖರ್ಚು, 26 ಕೋಟಿಗೂ ಜಾಸ್ತಿ ಗಳಿಕೆ, ಅದೂ ಸ್ವಂತ ಕಥೆ. ಆ ಚಿತ್ರಕಥೆಗೆ 2023ರಲ್ಲಿ ಹಲವು ಸ್ಟುಡಿಯೋಗಳು ಪೈಪೋಟಿಗೆ ಬಿದ್ದಿದ್ದವು. ಪೈಪೋಟಿಗೆ ಬೀಳಲು ನಾಲ್ಕಾರು ಕಂಪನಿ ಇದ್ದರೆ ಮಾತ್ರ ಇದೆಲ್ಲ ಸಾಧ್ಯ. ‘ಸ್ಟಾರ್ ವಾರ್ಸ್’ ಅನ್ನು ಯುನೈಟೆಡ್ ಆರ್ಟಿಸ್ಟ್ಸ್ ಮತ್ತು ಯುನಿವರ್ಸಲ್ ಬೇಡ ಅಂದ ಮೇಲೆ ಫಾಕ್ಸ್ ತೆಗೆದುಕೊಂಡಿತ್ತು. ‘ಹೋಮ್ ಅಲೋನ್’ ಬಜೆಟ್ ಜಾಸ್ತಿ ಆಯಿತೆಂದು ವಾರ್ನರ್ ಕೈಬಿಟ್ಟಾಗಲೂ ಎತ್ತಿಕೊಂಡದ್ದು ಫಾಕ್ಸ್. ಆ ಫಾಕ್ಸ್ ಈಗ ಡಿಸ್ನಿಯ ಒಂದು ವಿಭಾಗ, 2021ರಲ್ಲಿ ‘ಹೋಮ್ ಅಲೋನ್’ಗೂ ಡಿಸ್ನಿ ಪ್ಲಸ್‌ನಲ್ಲಿ ಹೊಸ ಆವೃತ್ತಿ ಬಂದಾಗಿದೆ. ಯುನೈಟೆಡ್ ಆರ್ಟಿಸ್ಟ್ಸ್ ಹೆಸರು ಎಂಜಿಎಂ ಸ್ಟುಡಿಯೋ ಜೊತೆ ಅಮೆಜಾನ್ ಕೈ ಸೇರಿದೆ. ‘ಸಿನ್ನರ್ಸ್’, ‘ವೆಪನ್ಸ್’ ಎರಡನ್ನೂ ಗೆಲ್ಲಿಸಿದ ವಾರ್ನರ್‌ನ ಮಾತೃ ಕಂಪನಿ 2025ರ ಅಕ್ಟೋಬರ್‌ನಲ್ಲಿ ತಾನು ಮಾರಾಟಕ್ಕೆ ಸಿದ್ಧ ಅಂತ ಬಹಿರಂಗವಾಗಿ ಹೇಳಿತು. ಕೊಳ್ಳಲು ಮುಂದೆ ಬಂದವರಲ್ಲಿ ಪ್ಯಾರಾಮೌಂಟ್ ಇತ್ತು, ನೆಟ್‌ಫ್ಲಿಕ್ಸ್ ಇತ್ತು. ಇಬ್ಬರೂ ಅದುವರೆಗೆ ಚಿತ್ರಕಥೆ ಕೊಳ್ಳಲು ವಾರ್ನರ್ ಜೊತೆ ಪೈಪೋಟಿ ಮಾಡುತ್ತಿದ್ದವರೇ.